ಬಣ್ಣವಿಲ್ಲದ ಸೀಮೆ ಎಂದವರಿಗೆ

ಚಿತ್ರ ಬರೆಯುವವರು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ: ಬಣ್ಣ ಬೇಕಿದ್ದರೆ ಮಲೆನಾಡಿಗೆ ಹೋಗಬೇಕು, ಇಲ್ಲವೇ ಕರಾವಳಿಗೆ, ಕೈಯಲ್ಲಿ ದುಡ್ಡಿದ್ದರೆ ರಾಜಸ್ಥಾನಕ್ಕೆ. ಬಳ್ಳಾರಿ ದಾಟಿ ಪೂರ್ವಕ್ಕೆ ಹೊರಳಿದರೆ ಆಲೂರು, ಹೊಳಗುಂದ, ಆದೋನಿ, ಕೌತಾಳ, ಕೋಸಗಿ, ಎಮ್ಮಿಗನೂರು. ಇಲ್ಲಿ ಏನಿದೆ? ಮಣ್ಣು, ಬಂಡೆ, ಜಾಲಿ, ಬಿಸಿಲು. ಹೊರಗಿನವರು ಹೀಗೆ ಅಂದರೆ ಕೇಳಿ ಸುಮ್ಮನಿರಬಹುದು. ಇಲ್ಲೇ ಹುಟ್ಟಿ, ಇಲ್ಲೇ ದುಡಿದು, ಸಂಜೆಯ ಬಿಡುವಿನಲ್ಲಿ ಮನೆಯ ಮೂಲೆಯಲ್ಲಿ ಕೂತು ತಮ್ಮ ಪಾಡಿಗೆ ಚಿತ್ರ ಬರೆಯುವ ಗೆಳೆಯರೂ ಇದನ್ನೇ ನಂಬಿದ್ದಾರೆ. ಫೋನಿನಲ್ಲಿ ಆಗುಂಬೆಯ ಸೂರ್ಯಾಸ್ತ ತೆಗೆದು, ಅದನ್ನು ನೋಡಿಕೊಂಡು ಕಾಗದ ತುಂಬಿಸುತ್ತಾರೆ. ಹೊರಗೆ ಅದೇ ಹೊತ್ತಿಗೆ ಆದೋನಿಯ ಕೋಟೆ ಗುಡ್ಡದ ಮೇಲೆ ಸೂರ್ಯ ಇಳಿಯುತ್ತಿರುತ್ತಾನೆ. ಆ ಕಡೆ ತಿರುಗಿ ನೋಡುವುದಿಲ್ಲ.

ಈ ನಂಬಿಕೆ ಸುಳ್ಳು ಎಂದು ನಾನು ಹೇಳುತ್ತೇನೆ. ರುಚಿಯ ವಿಷಯ, ಒಬ್ಬೊಬ್ಬರಿಗೆ ಒಂದೊಂದು ಎಂದು ಬಿಟ್ಟುಬಿಡುವ ಸುಳ್ಳೂ ಇದಲ್ಲ. ದಿನಾ ನೋಡುವುದನ್ನು ಕಾಣದಂತೆ ಕಣ್ಣನ್ನು ಪಳಗಿಸುವ ಸುಳ್ಳು ಇದು.

ಮೊದಲು ಮಾರುಕಟ್ಟೆಗೆ ಬನ್ನಿ. ಆದೋನಿ ಆಂಧ್ರದ ದೊಡ್ಡ ಹತ್ತಿ ಪೇಟೆಗಳಲ್ಲಿ ಒಂದು. ದಸರಾ ಕಳೆದ ಮೇಲೆ ಯಾರ್ಡಿನ ತುಂಬ ಹತ್ತಿ ರಾಶಿ. ಹೊರಗಿನವರ ಕಣ್ಣಿಗೆ ಅದೆಲ್ಲ ಒಂದೇ ಬಿಳುಪು. ರಾಶಿಯ ಮುಂದೆ ನಿಂತ ಖರೀದಿದಾರ ಒಂದು ಹಿಡಿ ಅರಳೆ ಎಳೆದು, ಬೆಳಕಿಗೆ ಹಿಡಿದು, ಮುಗುಚಿ ನೋಡಿ ದರ ಹೇಳುತ್ತಾನೆ. ಮೊದಲ ಸಲ ಬಿಡಿಸಿದ ಹತ್ತಿಯ ಬಿಳುಪು ಬೇರೆ, ಕೊನೆಯ ಸಲ ಬಿಡಿಸಿದ್ದರದು ಬೇರೆ. ಗಿಡದ ಮೇಲೆ ಮಳೆ ಕುಡಿದದ್ದು ಮಂಕಾಗಿರುತ್ತದೆ, ಹುಳು ತಿಂದ ಕಾಯಿಯ ಅರಳೆಯಲ್ಲಿ ಹಳದಿ ಕಲೆ ಇರುತ್ತದೆ, ಕೆಂಪು ಧೂಳು ಹಿಡಿದದ್ದು ನಸುಗೆಂಪಾಗಿರುತ್ತದೆ. ಹತ್ತಿಯ ಗುಣ ಅಳೆಯುವ ಯಂತ್ರ ಕೂಡ ಬಣ್ಣವನ್ನು ಎರಡು ಲೆಕ್ಕದಲ್ಲಿ ಹಿಡಿಯುತ್ತದೆ: ಎಷ್ಟು ಬೆಳಕು ಹಿಂದಿರುಗುತ್ತದೆ, ಅದರಲ್ಲಿ ಹಳದಿ ಎಷ್ಟಿದೆ. ಚಿತ್ರಕಾರನಿಗೆ ಬಿಳುಪಿನ ವಿಷಯದಲ್ಲಿ ಬೇಕಾದ ಮೊದಲ ಪಾಠ ಇದೇ ತಾನೆ? ಬಿಳಿ ಎಂದರೆ ಟ್ಯೂಬಿನಿಂದ ಹಿಂಡಿದ್ದಲ್ಲ, ಅದರ ಪ್ರಕಾಶ ಮತ್ತು ಅದರೊಳಗಿನ ಛಾಯೆ. ಇದನ್ನು ಕಲಿಯಲು ಕಲಾಶಾಲೆಯಲ್ಲಿ ವರ್ಷಗಟ್ಟಲೆ ಕೂರುತ್ತಾರೆ. ಇಲ್ಲಿ ಹಮಾಲಿ ಮಾಡುವವನಿಗೂ ಅದು ಗೊತ್ತು. ಗೊತ್ತಿಲ್ಲದೆ ಇರುವುದು ನಮ್ಮಂಥ ಚಿತ್ರ ಬರೆಯುವವರಿಗೆ ಮಾತ್ರ.

ಮೆಣಸಿನಕಾಯಿಯ ಮಾತು ಇನ್ನೂ ಖಚಿತ. ಈ ಭಾಗದ ಹೊಲಗಳಲ್ಲಿ ಬ್ಯಾಡಗಿ ತಳಿಯ ಕಾಯಿ ಬೆಳೆದು ಗಡಿ ದಾಟಿಸಿ ಬ್ಯಾಡಗಿಯ ಪೇಟೆಗೆ ಒಯ್ಯುತ್ತಾರೆ. ಆ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಕೆಂಪಿಗೆ. ಅದರಿಂದ ತೆಗೆದ ಬಣ್ಣದ ಎಣ್ಣೆ ತಿಂಡಿ ತಿನಿಸಿಗೆ ಹೋಗುತ್ತದೆ, ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ. ಕೆಂಪು ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಅಳೆದು ಅಂಕಿ ಕೊಡುತ್ತಾರೆ. ವ್ಯಾಪಾರದವರು ಅದನ್ನು ಆಸ್ಟಾ ಎನ್ನುತ್ತಾರೆ. ಸುಕ್ಕು ಸುಕ್ಕಾದ ಬ್ಯಾಡಗಿಯ ಕಪ್ಪುಗೆಂಪನ್ನೂ ನುಣುಪಾಗಿ ಹೊಳೆಯುವ ಗುಂಟೂರು ಕಾಯಿಯ ಕೆಂಪನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಬೆಳಕು ಸುಕ್ಕಿನೊಳಗೆ ಇಳಿದು ಉಳಿದುಬಿಡುತ್ತದೆ, ಇನ್ನೊಂದರಲ್ಲಿ ಮೇಲೆ ಬಿದ್ದು ಜಾರಿಹೋಗುತ್ತದೆ. ಬಣ್ಣ ಮಾತ್ರವಲ್ಲ, ಮೈಯ ಹದವೂ ಬಣ್ಣವನ್ನು ಬದಲಿಸುತ್ತದೆ ಎಂಬುದು ಕಣಕ್ಕೆ ಹೋದ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಬಣ್ಣವನ್ನು ತೂಗಿ ಹಣ ಎಣಿಸುವ ಸೀಮೆಗೆ ಬಣ್ಣವಿಲ್ಲ ಎನ್ನುವುದು ಹೇಗೆ?

ಇದಕ್ಕೆ ಒಂದು ಎದುರು ಮಾತಿದೆ, ಅದು ಹಗುರವಾದ ಮಾತಲ್ಲ. ಕೋಸಗಿ, ಕೌತಾಳ, ಹೊಳಗುಂದದ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಜನ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತಾರೆ. ಮಕ್ಕಳೂ ಜೊತೆಗೆ ಹೋಗುತ್ತವೆ, ಶಾಲೆಯ ಹಾಜರಿ ಖಾಲಿ ಬೀಳುತ್ತದೆ. ಇಂಥ ಕಡೆ ಬಣ್ಣ, ಚಿತ್ರ ಎಂದೆಲ್ಲ ಮಾತಾಡುವುದು ಹೊಟ್ಟೆ ತುಂಬಿದವರ ವಿಲಾಸ ಎಂದು ಕೆಲವರು ಸಿಟ್ಟಿನಿಂದಲೇ ಹೇಳುತ್ತಾರೆ. ಅವರ ಸಿಟ್ಟನ್ನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ಯಾಕೆಂದರೆ ಈ ಸೀಮೆಯಲ್ಲಿ ಬಣ್ಣವನ್ನು ಹೊಟ್ಟೆಪಾಡಿಗಾಗಿಯೇ ಓದುತ್ತಾರೆ. ಹತ್ತಿ ಎಲೆಯ ಅಂಚು ಹಳದಿಗೆ ತಿರುಗಿ, ಆಮೇಲೆ ಕೆಂಪಾಗಿ ಮುದುಡಿದರೆ ಜಿಗಿಹುಳು ರಸ ಹೀರಿದೆ ಎಂದು ಅರ್ಥ. ಎಲೆಯ ನರ ಹಸಿರಾಗಿದ್ದು ನಡುವೆಲ್ಲ ಕೆಂಪೇರಿದರೆ ಅದು ಬೇರೆ ರೋಗ, ಮೆಗ್ನೀಷಿಯಂ ಸಾಲದು. ಸುಣ್ಣದ ಅಂಶ ಹೆಚ್ಚಿರುವ ನೆಲದಲ್ಲಿ ಶೇಂಗಾದ ಎಳೆ ಎಲೆ ಹಳದಿಗಟ್ಟಿದರೆ ಕಬ್ಬಿಣ ಸಿಗುತ್ತಿಲ್ಲ. ಹಳದಿಯಲ್ಲಿ ಎಷ್ಟು ಹಳದಿ, ಕೆಂಪಿನಲ್ಲಿ ಎಷ್ಟು ಕೆಂಪು ಎಂದು ಬೇರ್ಪಡಿಸಲು ಬಾರದವನು ತಪ್ಪು ಔಷಧಿಗೆ ದುಡ್ಡು ಸುರಿದು ಸಾಲಕ್ಕೆ ಬೀಳುತ್ತಾನೆ. ಬಣ್ಣದ ಸೂಕ್ಷ್ಮ ಉಳ್ಳವರ ಸೊತ್ತು ಎಂದು ಹೇಳುವುದು ಈ ರೈತನ ಕಣ್ಣಿಗೆ ಮಾಡುವ ಅವಮಾನ.

ಅದೇ ಹತ್ತಿಯ ಹೂವನ್ನು ಕಂಡಿದ್ದೀರಾ? ಈಗ ಎಲ್ಲೆಲ್ಲೂ ಬೆಳೆಯುವ ಹೈಬ್ರಿಡ್ ಹತ್ತಿಯ ಹೂವು ಬೆಳಿಗ್ಗೆ ಅರಳುವಾಗ ಬೆಣ್ಣೆಯ ಬಿಳುಪು. ಮರುದಿನಕ್ಕೆ ಅದೇ ಎಸಳು ಗುಲಾಬಿ, ಬಾಡಿ ಮುದುಡುವಾಗ ನೇರಳೆಗೆಂಪು. ಒಂದೇ ಗಿಡದಲ್ಲಿ ನಿನ್ನೆಯ ಹೂವು, ಇವತ್ತಿನ ಹೂವು ಬೇರೆ ಬೇರೆ ಬಣ್ಣದಲ್ಲಿ ನಿಂತಿರುತ್ತವೆ. ಹೊಲದಂಚಿನಲ್ಲಿ ಬೆಳೆಯುವ ಕುಸುಬೆಯೂ ಹಾಗೆಯೇ, ಹಳದಿಯಾಗಿ ಅರಳಿ ಕೇಸರಿಗೆ ತಿರುಗುತ್ತದೆ. ಬಣ್ಣ ವಸ್ತುವಿನ ಮೇಲೆ ಬಳಿದ ಸ್ಥಿರ ಸಂಗತಿ ಅಲ್ಲ, ಗಳಿಗೆಗೆ ಸೇರಿದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಮಲೆನಾಡಿನ ಕಾಡಿನಲ್ಲಿದೆ?

ಬಣ್ಣವಿಲ್ಲ ಎನ್ನುವವರು ನಿಜವಾಗಿ ಹೇಳುತ್ತಿರುವುದು ಕಣ್ಣು ಕುಕ್ಕುವ ಬಣ್ಣವಿಲ್ಲ ಎಂದು. ಬಣ್ಣ ಅಂದರೆ ಗಾಢ, ಗಾಢ ಅಂದರೆ ಸುಂದರ ಎಂಬ ಲೆಕ್ಕ ಅವರ ತಲೆಯಲ್ಲಿ ಕೂತಿದೆ. ಈ ಲೆಕ್ಕ ತಪ್ಪು ಎಂದು ತೋರಿಸಿದವನು ಚಿತ್ರಕಾರನೂ ಅಲ್ಲ, ಫ್ರಾನ್ಸಿನ ಒಬ್ಬ ರಸಾಯನಶಾಸ್ತ್ರಜ್ಞ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ಮಿಶೆಲ್ ಷೆವ್ರಲ್‌ಗೆ ಕಪ್ಪು ನೂಲು ಸರಿಯಾಗಿಲ್ಲ, ಮಂಕಾಗಿದೆ ಎಂದು ದೂರು ಬರುತ್ತಿತ್ತು. ಹುಡುಕಿದಾಗ ನೂಲಿನ ಬಣ್ಣದಲ್ಲಿ ತಪ್ಪಿರಲಿಲ್ಲ. ಪಕ್ಕದ ನೀಲಿ, ನೇರಳೆ ನೂಲು ಅದನ್ನು ಮಂಕಾಗಿ ಕಾಣಿಸುತ್ತಿತ್ತು. 1839ರಲ್ಲಿ ಅವನು ಅದನ್ನು ಪುಸ್ತಕ ಮಾಡಿದ: ಬಣ್ಣ ತನ್ನಷ್ಟಕ್ಕೆ ಏನೂ ಅಲ್ಲ, ಪಕ್ಕದ ಬಣ್ಣ ಅದನ್ನು ಮಾಡುತ್ತದೆ. ಮುಂದೆ ಯೂರೋಪಿನ ಚಿತ್ರಕಲೆ ಆ ಪುಸ್ತಕದಿಂದ ಬಹಳ ಕಲಿಯಿತು. ನಮಗೆ ಅದನ್ನು ಕಲಿಯಲು ಎಮ್ಮಿಗನೂರಿನ ಮಗ್ಗ ಸಾಕು. 1938ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದ ಊರು ಅದು. ಮಗ್ಗದ ಮೇಲಿನ ಹಾಸು ಒಂದು ಬಣ್ಣ, ಲಾಳಿಯಿಂದ ಬರುವ ಹೊಕ್ಕು ಇನ್ನೊಂದು ಬಣ್ಣ. ಹಾಸಿನ ನೂಲು ಹಸಿರಿದ್ದು ಹೊಕ್ಕು ಕೆಂಪಾದರೆ ಬಟ್ಟೆ ಹಸಿರೂ ಅಲ್ಲದ ಕೆಂಪೂ ಅಲ್ಲದ, ಮಡಿಕೆ ಬದಲಾದ ಹಾಗೆ ಬದಲಾಗುವ ಕಂದು. ಆ ಕಂದಿನಲ್ಲಿ ಇರುವ ಜೀವ ಟ್ಯೂಬಿನ ಕಂದಿನಲ್ಲಿ ಇಲ್ಲ. ಒಂದರ ಪಕ್ಕ ಒಂದು ಬಣ್ಣ ಇಡುವ ವಿದ್ಯೆಯನ್ನು ಮೈಗೂಡಿಸಿಕೊಂಡ ಜನ ನಮ್ಮ ಪಕ್ಕದ ಬೀದಿಯಲ್ಲಿರುವಾಗ, ಗಾಢ ಬಣ್ಣ ಹುಡುಕಿ ಬಸ್ಸು ಹತ್ತುವುದು ನನಗೆ ಅರ್ಥವಾಗದ ಸಂಗತಿ.

ಇನ್ನು ಮಣ್ಣು. ಈ ಸೀಮೆಯನ್ನು ಬಯ್ಯಲು ಬಳಸುವ ಪದವೇ ನಮ್ಮ ದೊಡ್ಡ ಆಸ್ತಿ. ಆದೋನಿ, ಆಲೂರಿನ ಕಡೆ ಎರೆ ಭೂಮಿ. ಪತ್ತಿಕೊಂಡ, ತುಗ್ಗಲಿಯ ಕಡೆಗೆ ಸರಿದರೆ ಕೆಂಪು ನೆಲ, ಮೊದಲ ಮಳೆ ಬಿದ್ದ ಕೂಡಲೇ ಜನ ವಜ್ರ ಹುಡುಕಲು ಬಗ್ಗಿ ನಡೆಯುವ ನೆಲ. ಎರೆ ಮಣ್ಣನ್ನು ಕರಿಮಣ್ಣು ಎನ್ನುತ್ತೇವೆ, ಆದರೆ ಕಪ್ಪು ಟ್ಯೂಬಿನಿಂದ ಅದನ್ನು ಬರೆದು ನೋಡಿ, ಕಾಗದದಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಬೂದುಗಂದು, ಅಂಚಿನಲ್ಲಿ ಸ್ವಲ್ಪ ನೇರಳೆ. ಬಿರುಕಿನ ಒಳಗೆ ಮಾತ್ರ ನಿಜವಾದ ಕಪ್ಪು. ಮಳೆ ಬಿದ್ದ ಮರುಬೆಳಿಗ್ಗೆ ಇಡೀ ಹೊಲ ನೀಲಿ ಬೆರೆತ ಗಾಢ ಕಂದಾಗುತ್ತದೆ. ಸುಟ್ಟ ಅಂಬರ್‌ಗೆ ಅಲ್ಟ್ರಾಮರೀನ್ ನೀಲಿ ಬೆರೆಸಿ, ನೀರು ಹೆಚ್ಚು ಕಡಿಮೆ ಮಾಡುತ್ತ ಹೋದರೆ ಇವೆಲ್ಲ ಒಂದೊಂದಾಗಿ ಸಿಗುತ್ತವೆ. ಎರೆಯನ್ನೇ ಅರೆದು ಬಣ್ಣ ಮಾಡಹೊರಟರೆ ಫಲವಿಲ್ಲ, ನೀರು ಕುಡಿದು ಉಬ್ಬುವ ಜೇಡಿ ಅದು, ಒಣಗಿದಾಗ ಹೊಲದಲ್ಲಿ ಬಿರಿದ ಹಾಗೆ ಕಾಗದದ ಮೇಲೂ ಬಿರಿಯುತ್ತದೆ. ಕೆಂಪು ಮಣ್ಣು ಹಾಗಲ್ಲ. ಅದರ ಕೆಂಪು ಕಬ್ಬಿಣದ ತುಕ್ಕಿನದು, ಬಿಸಿಲಿಗೆ ಮಾಸುವುದಿಲ್ಲ. ನೀರಿನಲ್ಲಿ ಕಲಕಿ, ಮರಳು ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ಕೆಂಪು ನೀರನ್ನು ಬಗ್ಗಿಸಿ ಒಣಗಿಸಿದರೆ ನುಣ್ಣನೆಯ ಪುಡಿ ಬರುತ್ತದೆ. ಕರಿಜಾಲಿಯ ಗೋಂದು ನೆನೆಸಿ ಅದರಲ್ಲಿ ಅರೆದರೆ ಜಲವರ್ಣ ಸಿದ್ಧ. ನಮ್ಮ ದೇಶದ ಹಳೆಯ ಚಿತ್ರಕಾರರು ಬಳಸಿದ್ದೂ ಇದೇ ಗೋಂದು. ಅಂಗಡಿಯಲ್ಲಿ ಇಟಲಿಯ ಸಿಯೆನಾ ಊರಿನ ಹೆಸರಿರುವ ಮಣ್ಣಿನ ಬಣ್ಣಕ್ಕೆ ನೂರಾರು ರೂಪಾಯಿ ಕೊಡುವವರು ತುಗ್ಗಲಿಯ ರಸ್ತೆಯ ಪಕ್ಕ ಒಮ್ಮೆ ಬಗ್ಗಿ ಒಂದು ಹಿಡಿ ಎತ್ತಿಕೊಳ್ಳಲಿ.

ಫೋನಿನ ಚಿತ್ರ ನೋಡಿ ಬರೆದರೇನು ತಪ್ಪು ಎಂದು ಕೇಳುತ್ತಾರೆ. ತಪ್ಪಿದೆ. ಫೋನಿನ ಕ್ಯಾಮೆರಾ ಬೆಳಕಿನ ಬಣ್ಣವನ್ನು ತಾನೇ ತೊಡೆದು, ಬಿಳಿಯನ್ನು ಬಿಳಿ ಮಾಡಿ ಕೊಡುವಂತೆ ತಯಾರಾಗಿದೆ. ಏಪ್ರಿಲ್ ಸಂಜೆ ಧೂಳು ತುಂಬಿದ ಗಾಳಿಯಲ್ಲಿ ಆದೋನಿ ಊರಿಗೆ ಊರೇ ತಾಮ್ರದ ಛಾಯೆಗೆ ತಿರುಗುತ್ತದಲ್ಲ, ಅದನ್ನು ದೋಷವೆಂದು ತಿಳಿದು ಸರಿಪಡಿಸಿಬಿಡುತ್ತದೆ. ಅದರ ಮೇಲೆ ಹಸಿರನ್ನೂ ನೀಲಿಯನ್ನೂ ಏರಿಸುತ್ತದೆ. ಬಳ್ಳಾರಿ ಜಾಲಿಯ ಬೂದುಹಸಿರು ಫೋನಿನಲ್ಲಿ ಬಾಳೆಯ ಹಸಿರಾಗುತ್ತದೆ. ಹೀಗೆ ಮಾಡಿದ ಚಿತ್ರಗಳನ್ನೇ ದಿನವಿಡೀ ನೋಡುವ ಕಣ್ಣಿಗೆ ಹೊರಗಿನ ನಿಜವಾದ ಜಾಲಿ ಸಪ್ಪೆ ಎನಿಸುವುದು ಸಹಜ. ಬಿಸಿಲನ್ನೂ ಬಯ್ಯುತ್ತಾರೆ. ಹೌದು, ಮಧ್ಯಾಹ್ನ ಇಲ್ಲಿ ಬಣ್ಣ ಸಾಯುತ್ತದೆ. ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ 10ರ ಸುಮಾರಿಗೆ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ, ನೆರಳು ಕಾಲಡಿಗೆ ಸೇರುತ್ತದೆ. ಅದಕ್ಕೆ ಬೆಳಿಗ್ಗೆ ಎದ್ದು ಹೋಗಬೇಕು. ಬಂಡೆಗಳ ಮೇಲೆ ಓರೆ ಬೆಳಕು ಬಿದ್ದಾಗ ಕಲ್ಲಿನೊಳಗಿನ ಗುಲಾಬಿ ಬಣ್ಣ ಎದ್ದು ಬರುತ್ತದೆ, ನೆರಳಿನ ಭಾಗ ಆಕಾಶದ ನೀಲಿಯನ್ನು ಎಳೆದುಕೊಂಡು ತಿಳಿ ನೇರಳೆಯಾಗುತ್ತದೆ. ಕೋಟೆ ಗುಡ್ಡವನ್ನು ಬೂದು ಬಣ್ಣದಲ್ಲಿ ಬರೆಯುವವರು ಆ ಗುಡ್ಡವನ್ನು ಆ ಹೊತ್ತಿನಲ್ಲಿ ನೋಡಿಲ್ಲ.

ಈ ನೇರಳೆ, ಈ ಗುಲಾಬಿ ಬಂಡೆ ಸುಲ್ತಾನರ ಕಾಲದ ದಖನಿ ಚಿತ್ರಗಳಲ್ಲಿ ತುಂಬಿವೆ. ಪರ್ಷಿಯಾದ ಚಿತ್ರಗಳಲ್ಲೂ ಅಂಥ ಬಂಡೆಗಳಿದ್ದವು, ರೂಢಿ ಅಲ್ಲಿಂದ ಬಂದದ್ದು ಎಂದು ಪಂಡಿತರು ಹೇಳುತ್ತಾರೆ, ಒಪ್ಪೋಣ. ಆದರೆ ಆ ರೂಢಿ ಈ ನೆಲದಲ್ಲಿ ಬೇರು ಬಿಟ್ಟು ಅಷ್ಟು ಸೊಗಸಾಗಿ ಬೆಳೆದದ್ದಕ್ಕೆ ಕಣ್ಣೆದುರಿನ ಬಂಡೆಗಳೂ ಕಾರಣ ಎಂದು ನಾನು ನಂಬುತ್ತೇನೆ. ಈ ಮಾತಿಗೂ ಆದೋನಿಗೂ ಹತ್ತಿರದ ನಂಟಿದೆ. ಹದಿನೇಳನೆಯ ಶತಮಾನದಲ್ಲಿ, ಊರಿನ ಹೆಸರು ಆದವಾನಿ ಎಂದಿದ್ದಾಗ, ಬಿಜಾಪುರದ ಪರವಾಗಿ ಇದನ್ನು ಆಳಿದವನು ಹಬಶಿ ಮೂಲದ ಸಿದ್ದಿ ಮಸೂದ್ ಖಾನ್. ಇಲ್ಲಿನ ಜಾಮಿಯಾ ಮಸೀದಿ ಕಟ್ಟಿಸಿದವನು, ಮಂತ್ರಾಲಯದ ನೆಲವನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟವನೆಂದು ನಮ್ಮ ಕಡೆ ಮನೆಮನೆಯಲ್ಲಿ ನೆನೆಯುವ ನವಾಬ. 1686ರಲ್ಲಿ ಬಿಜಾಪುರ ಬಿತ್ತು, ಅದರ ಹಿಂದೆಯೇ ಆದವಾನಿಯೂ ಮೊಘಲರ ಕೈಸೇರಿತು. ಮೊಘಲರ ಸೇನಾನಿಯಾಗಿ ಇಲ್ಲಿ ಇದ್ದು, 1698ರಲ್ಲಿ ಇಲ್ಲೇ ತೀರಿಕೊಂಡವನು ಬಿಕಾನೇರಿನ ರಾಜ ಅನೂಪಸಿಂಹ. ಬಿಕಾನೇರಿನ ಅರಮನೆಯ ಸಂಗ್ರಹಕ್ಕೆ ದಖನಿ ಚಿತ್ರಗಳು ಹೋದದ್ದು ಅವನ ಕಾಲದಲ್ಲಿ, ಈ ಆದವಾನಿಯಿಂದ. ಬಣ್ಣ ಬೇಕಿದ್ದರೆ ರಾಜಸ್ಥಾನಕ್ಕೆ ಹೋಗು ಎಂದು ಇವತ್ತು ನಮಗೆ ಹೇಳುವವರು ಇದನ್ನು ಕೇಳಿಸಿಕೊಳ್ಳಬೇಕು: ಬಣ್ಣದ ಹಾಳೆಗಳನ್ನು ಇಲ್ಲಿಂದ ರಾಜಸ್ಥಾನಕ್ಕೆ ಹೊತ್ತುಕೊಂಡು ಹೋದರು.

ಅರಮನೆ ಬೇಡ, ಮನೆಯೊಳಗೆ ಬನ್ನಿ. ಹಬ್ಬಕ್ಕೆ ಗೋಡೆಗೆ ಬಳಿಯುವ ಸುಣ್ಣಕ್ಕೆ ಒಂದಿಷ್ಟು ನೀಲಿ ಕಲಸುತ್ತಾರೆ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಆ ನೀಲಿ ಪುಡಿ ಅಲ್ಟ್ರಾಮರೀನೇ, ಚಿತ್ರಕಾರನ ಟ್ಯೂಬಿನಲ್ಲಿ ಇರುವುದೂ ಅದೇ. ಸುಣ್ಣದ ಕ್ಷಾರ ಅದನ್ನು ಕೆಡಿಸುವುದಿಲ್ಲ, ಹುಳಿ ಬಿದ್ದರೆ ಮಾತ್ರ ಕೆಡುತ್ತದೆ. ಒಣಗುತ್ತಾ ಹೋದಂತೆ ಗೋಡೆ ತಿಳಿಯಾಗುವುದನ್ನು ನೋಡಿದವರಿಗೆ ಹಸಿ ಬಣ್ಣಕ್ಕೂ ಒಣ ಬಣ್ಣಕ್ಕೂ ಇರುವ ದೂರ ತಾನಾಗಿ ತಿಳಿಯುತ್ತದೆ. ಆರತಿ ತಟ್ಟೆಯ ನೀರಿಗೆ ಅರಿಶಿನ ಹಾಕಿ ಚೂರು ಸುಣ್ಣ ಬೆರೆಸಿದರೆ ಕಣ್ಣೆದುರೇ ಹಳದಿ ಹೋಗಿ ರಕ್ತಗೆಂಪು ಆಗುತ್ತದೆ. ನಮ್ಮ ಅಜ್ಜಿಯಂದಿರು ದಿನಾ ಮಾಡುತ್ತಿದ್ದ ರಸಾಯನ ವಿದ್ಯೆ. ಒಂದು ಎಚ್ಚರಿಕೆ ಹೇಳಬೇಕು, ಅರಿಶಿನದಿಂದ ಚಿತ್ರ ಬರೆಯಬೇಡಿ, ಬಿಸಿಲಿಗೆ ಬೇಗ ಹಾರಿಹೋಗುತ್ತದೆ. ಅದನ್ನು ನೋಡಿ ಕಲಿಯಬೇಕು, ಅದೇ ಹಳದಿಯನ್ನು ಮಾಸದ ಬಣ್ಣದಿಂದ ಕಲಸಬೇಕು.

ಹೊರಗಿನ ಕ್ಯಾಮೆರಾದವರು ಇಲ್ಲಿಗೆ ಬರುವುದೇ ಇಲ್ಲ ಎಂದಲ್ಲ. ದಸರಾ ರಾತ್ರಿ ದೇವರಗಟ್ಟಿಗೆ ಬರುತ್ತಾರೆ. ಮಾಳ ಮಲ್ಲೇಶ್ವರನ ಬನ್ನಿಯ ಬಡಿಗೆ ಕಾಳಗ, ಪಂಜು, ಭಂಡಾರ, ತಲೆಯಿಂದ ಇಳಿಯುವ ರಕ್ತ, ಇವು ಬೇಕು ಅವರಿಗೆ. ಬೆಳಗಾಗುವಷ್ಟರಲ್ಲಿ ಹೋಗುತ್ತಾರೆ. ಸಿನಿಮಾದವರ ದೃಷ್ಟಿಯೂ ಅದೇ. 1999ರ ‘ಸಮರಸಿಂಹಾ ರೆಡ್ಡಿ’ಯ ನಂತರ ಬಂದ ತೆಲುಗು ಚಿತ್ರಗಳಲ್ಲಿ ನಮ್ಮ ಈ ರಾಯಲಸೀಮೆ ಎಂದರೆ ಕೆಂಪು ಧೂಳು, ಅದರ ನಡುವೆ ಓಡುವ ಗಾಡಿಗಳು, ಕೊಡಲಿ. ಒಂದು ಇಡೀ ಸೀಮೆಯನ್ನು ಹಿಂಸೆಯ ಒಂದೇ ಬಣ್ಣದಲ್ಲಿ ಮುಳುಗಿಸಿದರು. ಅದನ್ನು ನೋಡಿ ಬೆಳೆದ ನಮ್ಮ ಹುಡುಗರೇ ಈಗ ತಮ್ಮ ಊರಿನ ಮಣ್ಣನ್ನು ಕಂಡು ನಾಚುತ್ತಾರೆ. ನನ್ನ ಸಿಟ್ಟಿನ ಮೂಲ ಇಲ್ಲಿದೆ. ಬಣ್ಣವಿಲ್ಲ ಎಂಬ ಮಾತು ಚಿತ್ರಕಲೆಯ ಮಾತಾಗಿ ಉಳಿದಿಲ್ಲ, ಊರನ್ನು ಕೀಳಾಗಿ ನೋಡುವ ಮಾತಾಗಿದೆ.

ಶಾಲೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ಗಡಿಯ ಈಚೆ ಉಳಿದ ಕನ್ನಡ ಶಾಲೆಗಳು ಕಷ್ಟಪಟ್ಟು ನಡೆಯುತ್ತಿವೆ. ಅವುಗಳ ಮೇಲೆ ನನಗೆ ಮಮತೆ ಇದೆ, ಅದಕ್ಕೇ ಹೇಳುತ್ತೇನೆ. ಅಲ್ಲಿ ‘ಪ್ರಕೃತಿ ಸೌಂದರ್ಯ’ ಎಂಬ ವಿಷಯ ಕೊಟ್ಟು ಚಿತ್ರ ಬರೆಯಿರಿ ಎಂದರೆ ಮಕ್ಕಳು ಬರೆಯುವುದು ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಗುಡ್ಡದಿಂದ ಇಳಿದ ನೀಲಿ ನದಿ, ತೆಂಗಿನ ಮರ, ಕೆಂಪು ಹೆಂಚಿನ ಮನೆ. ಹೊಳಗುಂದದ ಹುಡುಗಿಯ ಮನೆಗೆ ಹೆಂಚಿಲ್ಲ, ಮಣ್ಣಿನ ಮಾಳಿಗೆ ಇದೆ. ಅವಳ ಊರಿನ ಗುಡ್ಡ ತ್ರಿಕೋನವಲ್ಲ, ಒಂದರ ಮೇಲೊಂದು ಕೂತ ಉರುಟು ಬಂಡೆ. ನೆಲಕ್ಕೆ ಅವಳು ಹಚ್ಚುವ ಹಸಿರನ್ನು ಅವಳು ತನ್ನ ಊರಿನ ಹೊಲದಲ್ಲಿ ಎಂದೂ ಕಂಡಿಲ್ಲ. ಆದರೂ ಬಹುಮಾನ ಬರುವುದು ಅದಕ್ಕೇ. ತನ್ನ ಮನೆ, ತನ್ನ ಹೊಲ ಚಿತ್ರಕ್ಕೆ ಯೋಗ್ಯವಲ್ಲ ಎಂದು ಒಂಬತ್ತು ವರ್ಷದ ಮಗುವಿಗೆ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಆ ಬಹುಮಾನವೇ ಹೇಳುತ್ತದೆ. ಮಕ್ಕಳಿಗೆ ಸಂತೋಷ ಕೊಡುವ ಬಣ್ಣ ಬೇಕಲ್ಲವೇ ಎಂದು ಕೆಲವು ಮೇಷ್ಟ್ರುಗಳು ಕೇಳುತ್ತಾರೆ. ಮೊದಲ ಮಳೆಗೆ ಎರೆ ಹೊಲ ಕಪ್ಪೇರಿದಾಗ ಈ ಸೀಮೆಯಲ್ಲಿ ಆಗುವ ಸಂತೋಷಕ್ಕಿಂತ ದೊಡ್ಡದು ತೆಂಗಿನ ಮರದ ಕೆಳಗೆ ಇದೆಯೇ?

ಮುಂದಿನ ಸಲ ಸ್ಪರ್ಧೆಗೆ ಈ ವಿಷಯ ಕೊಡಿ: ನಿಮ್ಮ ಹೊಲದ ಮಣ್ಣು, ಬಿತ್ತನೆಗೆ ಮುಂಚೆ ಮತ್ತು ಮಳೆಯಾದ ಮೇಲೆ. ಕಪ್ಪು ಕ್ರೇಯಾನ್ ಡಬ್ಬಿಯಿಂದ ತೆಗೆದಿಟ್ಟುಬಿಡಿ, ಉಳಿದವನ್ನು ಒಂದರ ಮೇಲೊಂದು ತಿಕ್ಕಿ ಕಪ್ಪನ್ನು ಅವರೇ ಹುಡುಕಿಕೊಳ್ಳಲಿ. ತೀರ್ಪು ಕೊಡುವವರು ಅಂಕ ಹಾಕುವ ಮೊದಲು ಮಕ್ಕಳ ಜೊತೆ ಆ ಹೊಲಕ್ಕೆ ನಡೆದು ಹೋಗಿ, ಹಾಳೆಯನ್ನು ಮಣ್ಣಿನ ಪಕ್ಕ ಹಿಡಿದು ನೋಡಲಿ.